ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಹೊತ್ತು ಎಷ್ಟು?

ಪ್ರಶ್ನೆ: ನಮ್ಮ ಊರು ಕೊಡಗಿನ ಪೊನ್ನಂಪೇಟೆ ಹತ್ತಿರ. ಮಗಳು ಅಮೆರಿಕದ ಸ್ಯಾನ್ ಹೊಸೆಯಲ್ಲಿದ್ದಾಳೆ. ಬಾಣಂತನಕ್ಕೆ ಹೊರಟಿದ್ದೇನೆ. ಪುತ್ತರಿ ಹಬ್ಬ ಮುಗಿಸಿ ಡಿಸೆಂಬರ್ 12ಕ್ಕೆ ಟಿಕೆಟ್ ಆಗಿದೆ. ಬೆಳಗ್ಗೆ 4:20ಕ್ಕೆ ಬೆಂಗಳೂರು ಬಿಟ್ಟು, ದುಬೈನಲ್ಲಿ ವಿಮಾನ ಬದಲಿಸಿ, ಅದೇ ದಿನ ಮಧ್ಯಾಹ್ನ 12:40ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಅಂತ ಇದೆ. ಹಾಗಾದರೆ ಎಂಟೇ ಗಂಟೆಯಾ? ಮೇ ತಿಂಗಳಲ್ಲಿ ವಾಪಸ್ ಬರುವಾಗ ಮಂಗಳವಾರ ಮಧ್ಯಾಹ್ನ 3:45ಕ್ಕೆ ಹೊರಟು ಗುರುವಾರ ಬೆಳಗಿನ ಜಾವ 2:50ಕ್ಕೆ ಬೆಂಗಳೂರು. ಅಂತರ್ಜಾಲದಲ್ಲಿ ದೂರ ಹುಡುಕಿದರೆ ಒಂದು ಕಡೆ 14,000, ಇನ್ನೊಂದು ಕಡೆ 8,700, ಮತ್ತೊಂದು ಕಡೆ 7,550 ಅಂತ ಬರುತ್ತದೆ. ಭೂಮಿ ತಿರುಗುವುದರಿಂದ ಹೀಗೆ ಆಗುತ್ತದೆ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಯಾವುದು ಸರಿ? ಮನೆ ಬಿಡುವುದು ಯಾವಾಗ?

ಉತ್ತರ: ವಿಮಾನಗಳಿಗೆ ದಾರಿ ಹಾಕಿಕೊಡುವ ಡಿಸ್ಪ್ಯಾಚರ್ ಕೆಲಸದಲ್ಲಿ ನನ್ನ ಅರ್ಧ ಆಯಸ್ಸು ಕಳೆದಿದೆ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಇರುತ್ತಾರಲ್ಲ, ಹಾಗೆ. ಈಗ ನಾಪೋಕ್ಲು ಕಡೆ ತೋಟ ನೋಡಿಕೊಂಡಿದ್ದೇನೆ. ಇಂಥ ಪ್ರಶ್ನೆ ಬಂದರೆ ಇವತ್ತಿಗೂ ಕೈ ತುರಿಸುತ್ತದೆ. ಒಂದೊಂದಾಗಿ ಬಿಡಿಸೋಣ.

ಮೊದಲು ಆ ಮೂರು ಸಂಖ್ಯೆ. ಮೂರೂ ಸರಿ, ಅಳತೆಗೋಲು ಮಾತ್ರ ಬೇರೆ. 14,000 ಅನ್ನುವುದು ಕಿಲೋಮೀಟರ್, 8,700 ಅನ್ನುವುದು ಮೈಲಿ. 7,550 ಅನ್ನುವುದು ನಾಟಿಕಲ್ ಮೈಲಿ, ಅಂದರೆ ಹಡಗಿನವರೂ ವಿಮಾನದವರೂ ಬಳಸುವ ಮೈಲಿ. ಒಂದು ಮೈಲಿಗೆ 1.609 ಕಿ.ಮೀ., ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ನಿಮಗೆ ಕಿಲೋಮೀಟರ್ ಸಾಕು.

ಆದರೆ ಆ 14,000 ನೇರ ದೂರ. ನೀವು ಹೋಗುವುದು ದುಬೈ ಮೇಲೆ. ಬೆಂಗಳೂರಿಂದ ದುಬೈಗೆ ಸುಮಾರು 2,700 ಕಿ.ಮೀ., ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 13,000. ಕೂಡಿದರೆ 15,700. ದುಬೈ ಸುತ್ತು ಅಂತ ಜನ ಗೊಣಗುತ್ತಾರೆ, ಲೆಕ್ಕ ಹಾಕಿದರೆ 1,700 ಕಿ.ಮೀ. ಮಾತ್ರ ಜಾಸ್ತಿ. ವಿಮಾನಕ್ಕೆ ಅದು ಎರಡು ಗಂಟೆಯ ಕೆಲಸ.

ಈಗ ಗಡಿಯಾರ. ಟಿಕೆಟ್‌ನಲ್ಲಿ ಬರೆಯುವ ಹೊತ್ತು ಯಾವಾಗಲೂ ಆಯಾ ಊರಿನದು. ಹೊರಡುವ ಹೊತ್ತು ಬೆಂಗಳೂರಿನ ಗೋಡೆ ಗಡಿಯಾರದ್ದು, ಇಳಿಯುವ ಹೊತ್ತು ಅಲ್ಲಿನ ಗೋಡೆ ಗಡಿಯಾರದ್ದು. ಎರಡು ಬೇರೆ ಗಡಿಯಾರ ಇಟ್ಟುಕೊಂಡು ಒಂದರಿಂದ ಇನ್ನೊಂದನ್ನು ಕಳೆದರೆ ಬರುವ ಎಂಟು ಗಂಟೆಗೆ ಅರ್ಥವೇ ಇಲ್ಲ. ಎರಡನ್ನೂ ನಮ್ಮ ಗಡಿಯಾರಕ್ಕೆ ತಂದುಕೊಳ್ಳಿ. ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಅಲ್ಲಿ ಮಧ್ಯಾಹ್ನ 12:40 ಆದಾಗ ಪೊನ್ನಂಪೇಟೆಯಲ್ಲಿ ಮಾರನೆ ದಿನ ರಾತ್ರಿ 2:10. ನೀವು ಹೊರಟದ್ದು ಬೆಳಗ್ಗೆ 4:20. ಒಟ್ಟು 21 ಗಂಟೆ 50 ನಿಮಿಷ. ಇದು ನಿಜವಾದ ಲೆಕ್ಕ.

ಬಿಡಿಸಿದರೆ ಹೀಗೆ: ದುಬೈಗೆ ನಾಲ್ಕು ಗಂಟೆ, ಅಲ್ಲಿ ಕಾಯುವುದು ಎರಡು ಗಂಟೆ, ಆಮೇಲೆ ಒಂದೇ ಉಸಿರಿಗೆ 15 ಗಂಟೆ 50 ನಿಮಿಷ. ನಿಮ್ಮ ಡಿಸೆಂಬರ್ 12 ಅನ್ನುವ ದಿನಕ್ಕೆ ಇಪ್ಪತ್ತನಾಲ್ಕಲ್ಲ, ಮೂವತ್ತೇಳೂವರೆ ಗಂಟೆ. ಅವತ್ತು ಹುಟ್ಟುಹಬ್ಬ ಇರುವವರ ಅದೃಷ್ಟ!

ಇನ್ನು ಯಜಮಾನರ ಮಾತು. ಭೂಮಿ ಕೆಳಗೆ ತಿರುಗುತ್ತಿರುತ್ತದೆ, ವಿಮಾನ ಮೇಲೆ ಸುಮ್ನೆ ನಿಂತರೂ ಊರು ತಾನಾಗಿ ಬರುತ್ತದೆ ಅನ್ನುವ ನಂಬಿಕೆ ತುಂಬಾ ಜನಕ್ಕಿದೆ. ಓಡುವ ಬಸ್ಸಿನಲ್ಲಿ ಕೂತು ಒಂದು ನಾಣ್ಯ ಮೇಲೆ ಚಿಮ್ಮಿ. ಅದು ಹಿಂದಿನ ಸೀಟಿನವರ ಮಡಿಲಿಗೆ ಹೋಗುವುದಿಲ್ಲ, ನಿಮ್ಮ ಕೈಗೇ ಬೀಳುತ್ತದೆ. ಬಸ್ಸಿನ ಜೊತೆ ನಾಣ್ಯವೂ ಓಡುತ್ತಿರುತ್ತದೆ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಆ ಗಾಳಿಯಲ್ಲಿ ತೇಲುವ ವಿಮಾನವೂ ತಿರುಗುತ್ತದೆ. ಹಾಗಾಗಿ ಅವರು ಅಂದುಕೊಂಡ ಲಾಭ ಸಿಗುವುದಿಲ್ಲ.

ಆದರೂ ಅವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಭೂಮಿ ತಿರುಗುವುದು ಬೇರೆ ದಾರಿಯಲ್ಲಿ ಕೆಲಸ ಮಾಡುತ್ತದೆ. ನೆಲದಿಂದ ಒಂಬತ್ತು ಹತ್ತು ಕಿ.ಮೀ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯ ಹಾಗೆ ಹರಿಯುವ ಗಾಳಿ ಇದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಬಿಸಿ ನಾಡಿಗೂ ಚಳಿ ನಾಡಿಗೂ ಇರುವ ವ್ಯತ್ಯಾಸ ಅದನ್ನು ಎಬ್ಬಿಸುತ್ತದೆ, ಭೂಮಿಯ ತಿರುಗಾಟ ಅದನ್ನು ಪೂರ್ವಕ್ಕೆ ತಿರುಗಿಸುತ್ತದೆ. ಗಂಟೆಗೆ ನೂರರಿಂದ ಇನ್ನೂರು ಕಿ.ಮೀ. ವೇಗ ಅಲ್ಲಿ ಮಾಮೂಲು, ಕೆಲವೊಮ್ಮೆ ಮುನ್ನೂರೂ ದಾಟುತ್ತದೆ. 1920ರ ದಶಕದಲ್ಲಿ ಜಪಾನಿನ ವಸಬುರೊ ಓಯಿಶಿ ಅನ್ನುವವರು ಬಲೂನು ಹಾರಿಸಿ ಹಾರಿಸಿ ಇದನ್ನು ಅಳೆದಿದ್ದರು. ಪಾಪ, ಅದನ್ನು ಬರೆದದ್ದು ಎಸ್ಪೆರಾಂಟೋ ಅನ್ನುವ, ಯಾವ ದೇಶದ್ದೂ ಅಲ್ಲದ, ಹೊಸದಾಗಿ ಕಟ್ಟಿದ ಭಾಷೆಯಲ್ಲಿ. ಹೊರಗಿನವರು ಓದಲೇ ಇಲ್ಲ.

ಈ ಹೊಳೆಯ ಜೊತೆ ಹೋದರೆ ಲಾಭ, ಎದುರು ಹೋದರೆ ನಷ್ಟ. 2020ರ ಫೆಬ್ರುವರಿಯಲ್ಲಿ ಬಿರುಗಾಳಿ ಹೊತ್ತಲ್ಲಿ ಒಂದು ವಿಮಾನ ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಕ್ಕೆ ಬಂದುಬಿಟ್ಟಿತು. ಮಾಮೂಲಾಗಿ ಆರೂವರೆ ಏಳು ಗಂಟೆ ಬೇಕು. ದೂರ ಒಂದು ಮೀಟರೂ ಕಮ್ಮಿ ಆಗಿರಲಿಲ್ಲ.

ಕೊಡಗಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ನೋಡಿ. ಮಡಿಕೇರಿಯಿಂದ ಮಂಗಳೂರು ಎಷ್ಟು ಅಂತ ಕೇಳಿದರೆ ನಾವು 140 ಕಿ.ಮೀ. ಅನ್ನುವುದಿಲ್ಲ. "ಸಂಪಾಜೆ ಘಾಟಿ ಚೆನ್ನಾಗಿದ್ದರೆ ನಾಲ್ಕು ಗಂಟೆ" ಅನ್ನುತ್ತೇವೆ. ಮಳೆಗಾಲದಲ್ಲಿ ಅದನ್ನೂ ಹೇಳುವುದಿಲ್ಲ, "ನೋಡಬೇಕು" ಅನ್ನುತ್ತೇವೆ. ಆಕಾಶದಲ್ಲೂ ಘಾಟಿ ಇದೆ, ಅದು ಗಾಳಿಯದು.

ನಿಮ್ಮ ದುಬೈ ಹಾದಿಯಲ್ಲೇ ಇದು ಕಾಣುತ್ತದೆ. ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಅಂತಿಟ್ಟುಕೊಂಡರೆ 2,700ಕ್ಕೆ ಮೂರೇ ಗಂಟೆ ಸಾಕಿತ್ತು, ಅಲ್ವಾ? ದೂರ ಕೊಟ್ಟರೆ ಹೊತ್ತು ಹೇಳುವ ತಾಣಗಳು ಮಾಡುವುದು ಹೆಚ್ಚುಕಮ್ಮಿ ಈ ಭಾಗಾಕಾರವನ್ನೇ. ಟಿಕೆಟ್‌ನಲ್ಲಿ ಮಾತ್ರ ನಾಲ್ಕು ಗಂಟೆ ಇದೆ. ಆ ಹೊತ್ತು ಬಾಗಿಲು ಮುಚ್ಚಿ ಗೇಟ್ ಬಿಟ್ಟಲ್ಲಿಂದ, ಆ ಕಡೆ ಗೇಟ್‌ಗೆ ಬಂದು ನಿಲ್ಲುವವರೆಗಿನದು. ರನ್‌ವೇವರೆಗೆ ತೆವಳುವುದು, ಸಾಲಿನಲ್ಲಿ ಕಾಯುವುದು, ಅರ್ಧ ಗಂಟೆ ಏರುವುದು, ಅರ್ಧ ಗಂಟೆ ಇಳಿಯುವುದು, ದುಬೈ ಮೇಲೆ ಜಾಗ ಸಿಗದೆ ಒಂದೆರಡು ಸುತ್ತು ಹಾಕುವುದು ಎಲ್ಲ ಅದರಲ್ಲಿ ಸೇರಿದೆ. ಮೇಲಿಂದ ಚಳಿಗಾಲದ ಎದುರು ಗಾಳಿ. ವಾಪಸ್ ಬರುವಾಗ ಅದೇ ದೂರಕ್ಕೆ ನಿಮ್ಮ ಟಿಕೆಟ್‌ನಲ್ಲಿ ಹತ್ತು ನಿಮಿಷ ಕಮ್ಮಿ ಇರುತ್ತದೆ, ನೋಡಿ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ದುಬೈನಿಂದ ಅಮೆರಿಕಕ್ಕೆ ಹೋಗುವ ದಾರಿ.

ಗೋಡೆಗೆ ನೇತುಹಾಕಿದ ಪ್ರಪಂಚದ ನಕ್ಷೆ ನೋಡಿ ನೀವು ಅಂದುಕೊಂಡಿರುತ್ತೀರಿ, ದುಬೈನಿಂದ ನೇರ ಎಡಕ್ಕೆ, ಆಫ್ರಿಕದ ಮೇಲೆ, ಅಟ್ಲಾಂಟಿಕ್ ದಾಟಿ ಹೋಗುತ್ತದೆ ಅಂತ. ಹಾಗಲ್ಲ. ಮನೆಯಲ್ಲಿ ಕಿತ್ತಳೆ ಇದೆಯಾ? ನಮ್ಮ ಕೊಡಗಿನ ಕಿತ್ತಳೆ ಸ್ವಲ್ಪ ಚಪ್ಪಟೆ, ಪರವಾಗಿಲ್ಲ, ಭೂಮಿಯೂ ತುದಿಗಳಲ್ಲಿ ತುಸು ಚಪ್ಪಟೆಯೇ. ಒಂದು ಹಣ್ಣು ತಗೊಳ್ಳಿ. ತೊಟ್ಟು ಇರುವ ಕಡೆ ಉತ್ತರ ಧ್ರುವ. ಹೊಟ್ಟೆಯ ಸುತ್ತ ಪೆನ್ನಿನಿಂದ ಒಂದು ಗೆರೆ ಎಳೆಯಿರಿ, ಅದು ಸಮಭಾಜಕ ವೃತ್ತ. ಗೆರೆಯಿಂದ ತೊಟ್ಟಿಗೆ ಹೋಗುವ ದಾರಿಯಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಮೇಲೆ ಒಂದು ಗುಂಡುಸೂಜಿ ಚುಚ್ಚಿ, ಅದು ದುಬೈ. ಹಣ್ಣನ್ನು ಪೂರ್ತಿ ಆ ಕಡೆ ತಿರುಗಿಸಿ, ಸರಿಯಾಗಿ ಬೆನ್ನ ಕಡೆ, ಅರ್ಧಕ್ಕೆ ಸ್ವಲ್ಪ ಕೆಳಗೆ ಇನ್ನೊಂದು ಸೂಜಿ. ಅದು ಸ್ಯಾನ್ ಫ್ರಾನ್ಸಿಸ್ಕೋ. ಈಗ ಒಂದು ದಾರ ತಗೊಂಡು ಎರಡು ಸೂಜಿಗೂ ಬಿಗಿಯಾಗಿ ಎಳೆದು ಕಟ್ಟಿ.

ದಾರ ಎಲ್ಲಿ ಹೋಯಿತು? ಹೊಟ್ಟೆ ಸುತ್ತಿ ಹೋಗಲಿಲ್ಲ. ತೊಟ್ಟಿನ ಪಕ್ಕದಲ್ಲೇ ಹಾದುಹೋಯಿತು.

ನಿಮ್ಮ ವಿಮಾನದ ಅತಿ ಹತ್ತಿರದ ದಾರಿಯೂ ಅದೇ. ದುಬೈನಿಂದ ಹೆಚ್ಚುಕಮ್ಮಿ ನೇರ ಉತ್ತರಕ್ಕೆ ಇರಾನ್, ಆಮೇಲೆ ರಷ್ಯಾ, ಆಮೇಲೆ ಹೆಪ್ಪುಗಟ್ಟಿದ ಆರ್ಕ್‌ಟಿಕ್ ಸಮುದ್ರ. ಉತ್ತರ ಧ್ರುವದಿಂದ ಬರೀ ಇನ್ನೂರು ಕಿ.ಮೀ. ಆಚೆ ಆ ಗೆರೆ ಹಾದುಹೋಗುತ್ತದೆ. ನೇರ ಗೆರೆ ಎಳೆದರೆ ಪೊನ್ನಂಪೇಟೆಗೂ ಬೆಂಗಳೂರಿಗೂ ಇರುವಷ್ಟು ದೂರ. ಆಮೇಲೆ ಅಲ್ಲಿಂದ ಕೆಳಗೆ ಕೆನಡಾ ಮೇಲೆ ಇಳಿದು ಕ್ಯಾಲಿಫೋರ್ನಿಯಾ.

ಬೆಂಗಳೂರಿಂದ ನೇರ ಗೆರೆ ಎಳೆದರೂ ಹೀಗೇ ಆಗುತ್ತದೆ. ಅದು ಚೀನಾ, ಸೈಬೀರಿಯಾ ಮೇಲೆ ಹೋಗಿ ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಚಪ್ಪಟೆ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಪೂರ್ವಕ್ಕೆ ಗೆರೆ ಎಳೆದು, ಅದರ ಮೇಲೆ ಹಾರಿದರೆ ಸುಮಾರು 16,100 ಕಿ.ಮೀ. ಬಾಗಿದ ಹಾಗೆ ಕಾಣುವ ದಾರಿ 14,000. ನೇರವಾಗಿ ಕಾಣುವುದೇ ಸುತ್ತು ದಾರಿ!

ಆದರೆ ಅತಿ ಹತ್ತಿರದ ದಾರಿಯಲ್ಲೇ ಯಾವಾಗಲೂ ಹೋಗುತ್ತೇವೆ ಅಂತಲ್ಲ. ನಮ್ಮ ಕೆಲಸ ಇದ್ದದ್ದೇ ಅಲ್ಲಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ಬಾರಿ ನಿಲ್ಲದೆ ಹಾರಿದಾಗ ದಾರಿ ಹಾಕಿದ್ದು ಉತ್ತರ ಧ್ರುವದ ಮೇಲೆ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಣ್ಣುಮಕ್ಕಳು. ಹೆಚ್ಚುಕಮ್ಮಿ ಹದಿನೇಳು ಗಂಟೆ. ಪೆಸಿಫಿಕ್ ಮೇಲೆ ಬಂದಿದ್ದರೆ ಆ ಗಾಳಿಯ ಹೊಳೆಗೆ ಎದುರು ಈಜಬೇಕಿತ್ತು. ಅದೇ ಬೆಂಗಳೂರಿಂದ ಆ ಕಡೆ ಹೋಗುವಾಗ ಪೆಸಿಫಿಕ್ ದಾರಿ ಹಿಡಿದರೆ ಗಾಳಿ ಹಿಂದಿನಿಂದ ತಳ್ಳುತ್ತದೆ. ಕಿಲೋಮೀಟರ್ ಜಾಸ್ತಿ ಆದರೂ ಗಂಟೆ ಕಮ್ಮಿ. ದಿನಾ ಹೊಸ ಲೆಕ್ಕ. ನಿನ್ನೆಯ ದಾರಿ ಇವತ್ತಿಗಿಲ್ಲ.

ಗಾಳಿ ಒಂದೇ ಅಲ್ಲ. ಯಾರ ಆಕಾಶ ತೆರೆದಿದೆ, ಯಾರದು ಮುಚ್ಚಿದೆ ಅನ್ನುವುದೂ ಇದೆ. 2022ರಿಂದ ರಷ್ಯಾದ ಆಕಾಶದಲ್ಲಿ ಅಮೆರಿಕ, ಯುರೋಪಿನ ಕಂಪನಿಗಳಿಗೆ ಜಾಗ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ಬಾಗಿಲು ಹಾಕಿತು. ಅದಕ್ಕೇ ಎರಡು ಊರು ಅವೇ ಇದ್ದರೂ ಒಂದು ಕಂಪನಿಯ ವಿಮಾನ ಒಂದೆರಡು ಗಂಟೆ ಜಾಸ್ತಿ ತಗೊಳ್ಳುತ್ತದೆ. ಮಗಳ ಗೆಳತಿ ಹದಿನೈದು ಗಂಟೆಯಲ್ಲಿ ಬಂದಳಂತೆ ಅನ್ನುವ ಮಾತನ್ನು ಹಾಗೇ ನಂಬಬೇಡಿ. ಯಾವ ಕಂಪನಿ, ಯಾವ ತಿಂಗಳು ಅಂತ ಕೇಳಿ.

ಇನ್ನೊಂದು ಕಟ್ಟು ಇದೆ. ಎರಡು ಎಂಜಿನ್ ವಿಮಾನ ಹಾರುವಾಗ, ಒಂದು ಎಂಜಿನ್ ನಿಂತುಹೋದರೂ ಇನ್ನೊಂದರಲ್ಲೇ ಇಷ್ಟು ನಿಮಿಷದೊಳಗೆ ಹೋಗಿ ಇಳಿಯಬಹುದು ಅನ್ನುವ ನಿಲ್ದಾಣ ದಾರಿಯುದ್ದಕ್ಕೂ ಇರಲೇಬೇಕು. ಸುಮ್ನೆ ನಿಯಮ ಅಂತ ಬರೆದಿಟ್ಟದ್ದಲ್ಲ. 2023ರ ಜೂನ್‌ನಲ್ಲಿ ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್ ಅನ್ನುವ ಮೂಲೆಯ ಊರಲ್ಲಿ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಊಟ, ಹಾಸಿಗೆಗೆ ಮಾತ್ರ ಪರದಾಡಿದರು. ಹೆದರಿಸಲು ಹೇಳುತ್ತಿಲ್ಲ. ದಾರಿಯಲ್ಲಿ ಇಳಿಯಲು ಜಾಗ ಇಟ್ಟುಕೊಂಡೇ ಹಾರುತ್ತಾರೆ ಅಂತ ನಿಮಗೆ ಧೈರ್ಯ ಇರಲಿ.

ಧ್ರುವದ ಕಡೆ ಹೊರಗಿನ ಚಳಿಗೆ ರೆಕ್ಕೆಯೊಳಗಿನ ಇಂಧನ ಗಟ್ಟಿಯಾಗಬಾರದು, ಅದರ ಮೇಲೂ ಒಂದು ಕಣ್ಣಿರುತ್ತದೆ. ವಿಮಾನದ ಇಂಧನ ಸುಮಾರು ಮೈನಸ್ 40ರಿಂದ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ. ಚಳಿ ಜಾಸ್ತಿ ಆದರೆ ಪೈಲಟ್ ಸ್ವಲ್ಪ ಕೆಳಗಿನ ಎತ್ತರಕ್ಕೆ ಇಳಿಯುತ್ತಾರೆ, ಇಲ್ಲ ವೇಗ ಹೆಚ್ಚಿಸುತ್ತಾರೆ. ನೀವು ಆಗ ಕಂಬಳಿ ಹೊದ್ದು ಮಲಗಿರುತ್ತೀರಿ.

ಆದರೆ ಪೂರ್ತಿ ಮಲಗಬೇಡಿ. ಕಿಟಕಿ ಸೀಟು ಸಿಕ್ಕಿದ್ದರೆ ಒಂದು ವಿಷಯ ನೋಡಿ. ದುಬೈನಲ್ಲಿ ಬೆಳಗ್ಗೆ ಏಳರ ಹೊತ್ತಿಗೆ ಸೂರ್ಯ ಹುಟ್ಟಿರುತ್ತಾನೆ. ವಿಮಾನ 8:50ಕ್ಕೆ ಹೊರಟು ಉತ್ತರಕ್ಕೆ ಹೋದ ಹಾಗೆ, ಮಧ್ಯಾಹ್ನ ಅನ್ನುವ ಹೊತ್ತಲ್ಲೇ ಹೊರಗೆ ಕತ್ತಲಾಗುತ್ತದೆ. ಡಿಸೆಂಬರ್‌ನಲ್ಲಿ ಧ್ರುವದ ಸುತ್ತ ಹಗಲೇ ಇಲ್ಲ. ಕೆನಡಾ ಮೇಲೆ ಕೆಳಗಿಳಿಯುತ್ತಾ ಬಂದಾಗ ಮತ್ತೆ ಬೆಳಗಾಗುತ್ತದೆ. ಒಂದೇ ತಾರೀಕಿಗೆ ಎರಡು ಸೂರ್ಯೋದಯ. ಮೇ ತಿಂಗಳಲ್ಲಿ ವಾಪಸ್ ಬರುವಾಗ ಇದರ ತಿರುವುಮುರುವು. ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಮಂಗಳವಾರ ಮಧ್ಯಾಹ್ನ ಹೊರಟ ಹಗಲು ಹಾಗೇ ಮುಂದುವರಿದು ಬುಧವಾರ ಸಂಜೆ ದುಬೈನಲ್ಲಿ ಇಳಿಯುವವರೆಗೂ ಇರುತ್ತದೆ. ಮಧ್ಯದಲ್ಲಿ ರಾತ್ರಿ ಅನ್ನುವುದೇ ಬರುವುದಿಲ್ಲ. ವಿಮಾನದವರು ಕಿಟಕಿ ಮುಚ್ಚಿ ಸುಳ್ಳು ರಾತ್ರಿ ಮಾಡುತ್ತಾರೆ ಅಷ್ಟೇ. ದಾರಿ ಧ್ರುವದ ಕಡೆಯೇ ಹಾಕಿದ್ದರೆ ಮಾತ್ರ ಈ ಮಜಾ. ಮುಂದಿನ ಸೀಟಿನ ಬೆನ್ನಿನ ಪರದೆಯಲ್ಲಿ ನಕ್ಷೆ ಇರುತ್ತದೆ, ಅದರಲ್ಲಿ ಗೊತ್ತಾಗುತ್ತದೆ.

ಕೊನೆಗೆ ನೀವು ಕೇಳಿದ ದೊಡ್ಡ ಪ್ರಶ್ನೆ: ಮನೆ ಬಿಡುವುದು ಯಾವಾಗ?

12ನೇ ತಾರೀಕು ಬೆಳಗ್ಗೆ 4:20 ಅಂದರೆ 11ನೇ ತಾರೀಕಿನ ರಾತ್ರಿ. ಇದನ್ನು ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಲ್ಲಿ ಬರೆದಿಡಿ. ನಮ್ಮ ಮನೆಯಲ್ಲೇ ಆಗಿದೆ. ನನ್ನ ಚಿಕ್ಕಮ್ಮ ಇಂಥದೇ ಟಿಕೆಟ್ ಹಿಡಿದು ಒಂದು ದಿನ ತಡವಾಗಿ, 12ರ ರಾತ್ರಿ ಸೂಟ್‌ಕೇಸ್ ತಗೊಂಡು ಏರ್‌ಪೋರ್ಟಿಗೆ ಹೋಗಿ ನಿಂತಿದ್ದರು. ವಿಮಾನಗಳಿಗೆ ದಾರಿ ಹಾಕುವವನ ಚಿಕ್ಕಮ್ಮ! ಇವತ್ತಿಗೂ ಮದುವೆ ಮನೆಗಳಲ್ಲಿ ನನ್ನನ್ನು ಬಿಡುವುದಿಲ್ಲ.

ಪೊನ್ನಂಪೇಟೆಯಿಂದ ದೇವನಹಳ್ಳಿಗೆ ಗೋಣಿಕೊಪ್ಪ, ತಿತಿಮತಿ, ಹುಣಸೂರು, ಮೈಸೂರು ಮೇಲೆ ಸುಮಾರು 270 ಕಿ.ಮೀ. ಅಂತಾರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ಟರ್ಮಿನಲ್ 2ರಲ್ಲಿ ಇರಬೇಕು, ಅಂದರೆ ರಾತ್ರಿ 1:20ಕ್ಕೆ. ನಾನಾದರೆ 11ರ ಸಂಜೆ ನಾಲ್ಕಕ್ಕೆ ಮನೆ ಬಿಡುತ್ತೇನೆ. ತಿತಿಮತಿ, ಆನೆಚೌಕೂರು ಕಾಡನ್ನು ಬೆಳಕಿದ್ದಾಗಲೇ ದಾಟುವುದು ಒಳ್ಳೆಯದು. ಆನೆ ರಸ್ತೆಯಲ್ಲಿ ನಿಂತರೆ ಯಾವ ಟಿಕೆಟ್ ತೋರಿಸಿದರೂ ಪಕ್ಕ ಸರಿಯುವುದಿಲ್ಲ. ಮೈಸೂರಿಂದ ಹೊಸ ಹೆದ್ದಾರಿ ಚೆನ್ನಾಗಿದೆ, 2023ರಲ್ಲಿ ಉದ್ಘಾಟನೆ ಆದದ್ದು. ಬೆಂಗಳೂರಿನ ಒಳಗೆ ಹೊಕ್ಕ ಮೇಲೆ ಏನೂ ಹೇಳಲಾಗದು. ಅಷ್ಟು ದೂರ ಕಾರು ಬೇಡ ಅಂದರೆ ಮೈಸೂರಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಸೀದಾ ಏರ್‌ಪೋರ್ಟಿಗೆ ಹೋಗುತ್ತದೆ.

ವಿರಾಜಪೇಟೆ ಕಡೆಯವರು ಕಣ್ಣೂರು ಹತ್ತಿರ ಅಲ್ವಾ ಅಂತ ಕೇಳುತ್ತಾರೆ. ಹೌದು, ಮಾಕುಟ್ಟ ಘಾಟಿ ಇಳಿದರೆ ಮಟ್ಟನ್ನೂರಿನ ಆ ನಿಲ್ದಾಣ ಸುಮಾರು 60 ಕಿ.ಮೀ., 2018ರ ಡಿಸೆಂಬರ್‌ನಿಂದ ಇದೆ. ಗಲ್ಫ್‌ಗೆ ಹೋಗುವವರಿಗೆ ಅದೇ ಸರಿ. ಆದರೆ ಅಲ್ಲಿಂದ ಒಂದು ಟಿಕೆಟ್, ದುಬೈನಿಂದ ಇನ್ನೊಂದು ಬೇರೆ ಟಿಕೆಟ್ ಮಾಡಿದರೆ, ಮೊದಲನೆಯದು ತಡವಾದರೆ ಎರಡನೆಯದು ಹೋದ ಹಾಗೆಯೇ. ನಿಮ್ಮದು ಒಂದೇ ಟಿಕೆಟ್ ಆಗಿದೆ, ಹಾಗೇ ಇರಲಿ.

ಈಗ ಮನೆ ಬಾಗಿಲಿಂದ ಲೆಕ್ಕ ಹಾಕಿ. ಸಂಜೆ ನಾಲ್ಕರಿಂದ ವಿಮಾನ ಹೊರಡುವವರೆಗೆ 12 ಗಂಟೆ 20 ನಿಮಿಷ. ಪ್ರಯಾಣ 21 ಗಂಟೆ 50 ನಿಮಿಷ. ಅಲ್ಲಿ ಇಮಿಗ್ರೇಶನ್ ಸಾಲು, ಸಾಮಾನು, ಸ್ಯಾನ್ ಹೊಸೆಗೆ ಕಾರು ಸೇರಿ ಎರಡೂವರೆ ಗಂಟೆ. ಒಟ್ಟು 36 ಗಂಟೆ ದಾಟುತ್ತದೆ. ಪೂರ್ತಿ ದೂರದಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲದ ಆ 270 ಕಿ.ಮೀ. ಮತ್ತು ಕಾಯುವಿಕೆ ಹೊತ್ತಿನಲ್ಲಿ ಮೂರನೇ ಒಂದು ಪಾಲು ತಿನ್ನುತ್ತದೆ. ಮಗಳಿಗೆ ಈ 36ನ್ನು ಹೇಳಿ. ಅದನ್ನು ಕೇಳಿದರೆ ನೀವು ಹೋದ ದಿನವೇ ಅಡುಗೆಮನೆಗೆ ಕಳಿಸುವುದಿಲ್ಲ.

ಹದಿನಾರು ಗಂಟೆ ಕೂರುವಾಗ ಎರಡು ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ. ಬಿಪಿ, ಶುಗರ್ ಮಾತ್ರೆ ಇದ್ದರೆ ಯಾವ ಗಡಿಯಾರಕ್ಕೆ ತಗೊಳ್ಳಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ, ಕೈಚೀಲದಲ್ಲೇ ಇಟ್ಟುಕೊಳ್ಳಿ. ನಮ್ಮ ಕೊಡಗಿನ ಹುಳಿರಸ ಕಾಚಂಪುಳಿಯ ಬಾಟಲಿ ಮಾತ್ರ ಕೈಚೀಲದಲ್ಲಿ ಬೇಡ. 100 ಎಂಎಲ್‌ಗಿಂತ ದೊಡ್ಡದಿದ್ದರೆ ಸೆಕ್ಯುರಿಟಿಯಲ್ಲಿ ಕಿತ್ತುಕೊಳ್ಳುತ್ತಾರೆ. ಚೆನ್ನಾಗಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ. ಮಾಂಸದ್ದೇನೂ ಬೇಡ, ಅಮೆರಿಕದಲ್ಲಿ ಬಿಡುವುದಿಲ್ಲ.

ವಾಪಸ್ ಬರುವ ಲೆಕ್ಕದಲ್ಲಿ ಒಂದು ಗಂಟೆ ಕಮ್ಮಿ ಮಾಡಿಕೊಳ್ಳಿ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಹಾಗಾಗಿ ಮೇ ತಿಂಗಳಲ್ಲಿ ವ್ಯತ್ಯಾಸ 12 ಗಂಟೆ 30 ನಿಮಿಷ. ಅಲ್ಲಿ ಮಂಗಳವಾರ ಮಧ್ಯಾಹ್ನ 3:45 ಅಂದರೆ ನಮಗೆ ಬುಧವಾರ ಬೆಳಗಿನ ಜಾವ 4:15. ಬೆಂಗಳೂರು ಗುರುವಾರ 2:50. ಒಟ್ಟು 22 ಗಂಟೆ 35 ನಿಮಿಷ, ದುಬೈನಲ್ಲಿ ಕಾಯುವುದೂ ಸೇರಿ. ಎರಡು ದಿನ ಏನಲ್ಲ, ಒಂದು ದಿನವೂ ಪೂರ್ತಿ ಇಲ್ಲ. ಯಜಮಾನರಿಗೆ ಕಾರು ತಗೊಂಡು ಬರಲು ಹೇಳುವಾಗ ಗುರುವಾರ ಅನ್ನಬೇಡಿ. ಬುಧವಾರ ಮಧ್ಯಾಹ್ನವೇ ಪೊನ್ನಂಪೇಟೆ ಬಿಡಿ ಅಂತ ಹೇಳಿ.